ಕೆಂಪು ಮೇಪಲ್ ಬೆಳೆಸಲು ಹೋಗಿ ಸಾಗಡೆ ನೆಟ್ಟ ಲೆಕ್ಕ

ಧಾರವಾಡದ ಹೊರಗೆ ನಮ್ಮ ಮನೆ. ಮನೆಯ ಪಕ್ಕದ ಪ್ಲಾಟೂ ನಮ್ಮದೇ, 40×60 ಅಡಿ. ಅದರಲ್ಲಿ ಒಂದು ಕೆಂಪು ಎಲೆಯ ಮರ ಬೇಕು ಅನ್ನೋದು ನನ್ನ ಆಸೆ. 2018ರ ಅಕ್ಟೋಬರ್‌ನಲ್ಲಿ ಬಾಸ್ಟನ್ ಹತ್ತಿರ ಮಗಳ ಮನೆಗೆ ಹೋಗಿದ್ದೆ. ಅವರ ಬೀದಿಯ ಕೊನೆಗೆ ಒಂದು ಕೆಂಪು ಮೇಪಲ್ ಇತ್ತು. ಹಸಿರಿದ್ದ ಕೊಂಬೆ ವಾರದೊಳಗೆ ಪೂರ್ತಿ ಕೆಂಪಾಯಿತು. ಊರಿಗೆ ಬಂದ ಮೇಲೂ ಆ ಬಣ್ಣ ಕಣ್ಣಿಂದ ಹೋಗಲಿಲ್ಲ.

ಆಮೇಲೆ ಆರು ವರ್ಷ ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಅನ್ನೋದನ್ನ ನನ್ನ ನೋಟ್‌ಬುಕ್ ನೋಡಿ ಬರೆಯುತ್ತಿದ್ದೇನೆ. ನಮ್ಮ ಕಡೆ ಎರಿ ಮಣ್ಣಿನ (ಕಪ್ಪು ಜಿಗುಟು ಮಣ್ಣು) ಪ್ಲಾಟಿನಲ್ಲಿ ಮರ ನೆಡುವವರಿಗೆ 5ನೇ ಹಂತದಿಂದ ಮುಂದಿನದು, ಅಂದರೆ ಸಾಗಡೆ ಮರ ನೆಟ್ಟ ಭಾಗ, ಜಾಸ್ತಿ ಉಪಯೋಗ ಆಗಬಹುದು.

1. ಡಿಸೆಂಬರ್ 2019: ಫ್ರಿಜ್ಜಿನಲ್ಲಿ ಬೀಜ

ಆನ್‌ಲೈನ್‌ನಲ್ಲಿ ಕೆಂಪು ಮೇಪಲ್ ಬೀಜ ತರಿಸಿದೆ. 30 ಬೀಜಕ್ಕೆ 299 ರೂಪಾಯಿ. ಒಂದೊಂದು ಬೀಜಕ್ಕೂ ತೆಳ್ಳನೆ ರೆಕ್ಕೆ ಇತ್ತು, ಮೇಲಿಂದ ಬಿಟ್ಟರೆ ಗಿರಗಿರ ತಿರುಗುತ್ತಾ ಬೀಳುತ್ತಿತ್ತು. ಯಾವ ವರ್ಷದ ಬೀಜ, ಎಲ್ಲಿಂದ ಬಂದದ್ದು ಅಂತ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ಮಾರಿದವರನ್ನ ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಮೇಪಲ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿ ಇವೆ, ಬೀಜ ನೋಡಿ ನಮ್ಮಂಥವರಿಗೆ ಗುರುತು ಹತ್ತುವುದಿಲ್ಲ.

ಮೊಳಕೆ ಬರಲು ಚಳಿ ತೋರಿಸಬೇಕು ಅಂತ ಓದಿದ್ದೆ. ರಾತ್ರಿಯೆಲ್ಲ ನೆನೆಸಿ, ಒದ್ದೆ ಟಿಶ್ಯೂ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟೆ.

ತಪ್ಪು: ಪೇಪರ್ ತುಂಬಾ ಒದ್ದೆಯಾಗಿತ್ತು. 40 ದಿನಕ್ಕೆ ತೆಗೆದು ನೋಡಿದರೆ 12 ಬೀಜಕ್ಕೆ ಕಪ್ಪು ಬೂಸಲು. ಉಳಿದ 18 ತೊಳೆದು ಮರಳಿನಲ್ಲಿಟ್ಟೆ. ಮುಷ್ಟಿಯಲ್ಲಿ ಹಿಂಡಿದರೆ ಮರಳು ಮುದ್ದೆಯಾಗಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅಷ್ಟೇ ತೇವ ಸಾಕು. ಮುಂದಿನ 40 ದಿನ ಬೂಸಲು ಬರಲಿಲ್ಲ.

2. ಮಾರ್ಚ್–ಮೇ 2020: ನಾಲ್ಕು ಸಸಿ

18ರಲ್ಲಿ 6 ಮೊಳೆತವು, 4 ಉಳಿದವು. ಮೂರನೇ ಜೋಡಿ ಎಲೆ ಬರುವ ಹೊತ್ತಿಗೆ ಮೇಪಲ್ ಅಂತ ಗೊತ್ತಾಯಿತು. ಮೂರು ಮೂಲೆಯ ಎಲೆ, ಅಂಚಿಗೆ ಗರಗಸದ ಹಲ್ಲು, ತೊಟ್ಟಿಗೆ ಬೀಟ್‌ರೂಟ್ ಬಣ್ಣ. ಎಲೆ ಹೊರಳಿಸಿದರೆ ಹಿಂಬದಿ ಬೂದಿ ಬಳಿದಂತೆ ಬೆಳ್ಳಗೆ. ಕೆಂಪು ಮೇಪಲ್‌ನ ಗುರುತು ಇವೇ. ಆ ದಿನ ಮಗಳಿಗೆ ಹತ್ತು ಫೋಟೋ ಕಳಿಸಿದೆ.

ಏಪ್ರಿಲ್ ಎರಡನೇ ವಾರ ಬಿಸಿಲು 37 ಡಿಗ್ರಿ ದಾಟಿತು. ಎಲೆಯ ಅಂಚು ಸುಟ್ಟ ಹಪ್ಪಳದ ಹಾಗೆ ಕಂದಾಗಿ ಮುದುಡಿತು. ಹಸಿರು ನೆಟ್ ಕಟ್ಟಿದೆ, ಮಧ್ಯಾಹ್ನ ಕುಂಡಗಳನ್ನ ಒಳಗೆ ತಂದೆ. ಆದರೂ ಎರಡು ಸತ್ತವು.

ಉಳಿದೆರಡರಲ್ಲಿ ಮತ್ತೊಂದು ತೊಂದರೆ ಕಾಣಿಸಿತು. ನರ ಹಸಿರು, ನರಗಳ ನಡುವೆ ಹಳದಿ. ನಾನು ಗೊಬ್ಬರ ಸಾಲದು ಅಂತ ಇನ್ನಷ್ಟು ಎರೆಹುಳು ಗೊಬ್ಬರ ಹಾಕಿದೆ. ಏನೂ ಫರಕು ಬೀಳಲಿಲ್ಲ. ಕಾರಣ ಕುಂಡದಲ್ಲಿ ತುಂಬಿದ್ದ ಎರಿ ಮಣ್ಣು ಮತ್ತು ಬೋರ್‌ವೆಲ್ ನೀರು. ಆಮೇಲೆ ಪ್ಲಾಟಿನ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ 8.3 ಬಂತು, ಅಂದರೆ ಕ್ಷಾರದ ಮಣ್ಣು. ಕೆಂಪು ಮೇಪಲ್‌ಗೆ ಹುಳಿ ಮಣ್ಣು ಬೇಕು. ಕ್ಷಾರ ಜಾಸ್ತಿಯಾದರೆ ಮಣ್ಣಿನಲ್ಲಿ ಮ್ಯಾಂಗನೀಸ್, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಎಲೆ ಹೀಗೆ ಹಳದಿಯಾಗುತ್ತದೆ. ಮಣ್ಣು ಪರೀಕ್ಷೆ ಮೊದಲು, ಬೀಜ ಆಮೇಲೆ ಆಗಬೇಕಿತ್ತು. ಈ ತಪ್ಪಿಗೆ ನನಗೆ ಒಂದು ವರ್ಷ ಹೋಯಿತು.

3. ಜೂನ್ 2020–ಮಾರ್ಚ್ 2021: ಚಿಗುರದ ಮೊಗ್ಗು

ಎರಡೂ ಸಸಿಗಳನ್ನ ಮಸಾರಿ ಮಣ್ಣು (ಕೆಂಪು ಮಣ್ಣು), ಕೊಳೆತ ಎಲೆ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ ಬೆರೆಸಿದ ಕುಂಡಕ್ಕೆ ಬದಲಿಸಿದೆ. ಬರೀ ಮಳೆ ನೀರು ಹಾಕಿದೆ. ಮಳೆಗಾಲದಲ್ಲಿ ಖುಷಿಯಾಗಿ ಬೆಳೆದವು. ಒಂದು ಸೆಪ್ಟೆಂಬರ್ ಹೊತ್ತಿಗೆ 14 ಇಂಚು ಆಯಿತು. ಇನ್ನೊಂದನ್ನ ಅಕ್ಟೋಬರ್‌ನಲ್ಲಿ ಹೆಗ್ಗಣ ಕೆಡವಿತು.

ನವೆಂಬರ್‌ನಲ್ಲಿ ದಿನಾ ಬೆಳಗ್ಗೆ ಎದ್ದು ಎಲೆ ಕೆಂಪಾಯಿತಾ ಅಂತ ನೋಡುತ್ತಿದ್ದೆ. ಆಗಲಿಲ್ಲ. ಕೆಲವು ಎಲೆ ಮಾಸಿದ ಹಳದಿಯಾಗಿ ಉದುರಿದವು, ಕೆಲವು ಅರೆ ಹಸಿರಾಗಿಯೇ ಜನವರಿ ತನಕ ನಿಂತವು. ಫೆಬ್ರವರಿಯಲ್ಲಿ ಕಡ್ಡಿ ಬರಿದಾಯಿತು. ತುದಿಗೆ ಸಾಸಿವೆ ಗಾತ್ರದ ಕೆಂಪು ಮೊಗ್ಗು ಇದ್ದವು, ಬಿಚ್ಚಲೇ ಇಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಮಾರ್ಚ್ 2ಕ್ಕೆ ಒಳಗೆ ಹಸಿರಿತ್ತು. ಮಾರ್ಚ್ 20ಕ್ಕೆ ತುದಿಯಿಂದ ಅರ್ಧದವರೆಗೆ ಕಂದು. ತಿಂಗಳ ಕೊನೆಗೆ ಬುಡದ ತನಕ ಒಣಗಿತ್ತು.

ಮೇಪಲ್ ಮೊಗ್ಗು ಬಿಚ್ಚಬೇಕಾದರೆ ಅದಕ್ಕೆ ಮೊದಲು ವಾರಗಟ್ಟಲೆ ಗಟ್ಟಿ ಚಳಿ ಬೇಕು, ಸುಮಾರು 7 ಡಿಗ್ರಿಗಿಂತ ಕೆಳಗೆ. ಧಾರವಾಡದ ಜನವರಿ ರಾತ್ರಿ ಸಾಮಾನ್ಯವಾಗಿ 13–14 ಡಿಗ್ರಿ ಆಸುಪಾಸು ಇರುತ್ತದೆ. ನೆಟ್ ಕಟ್ಟಿ ಬಿಸಿಲು ತಡೆಯಬಹುದು, ಮಣ್ಣು ಬದಲಿಸಬಹುದು. ಇಲ್ಲದ ಚಳಿಯನ್ನ ಅಂಗಳದ ಮರಕ್ಕೆ ತಂದು ಕೊಡಲು ದಾರಿ ಇಲ್ಲ. ಮೇಪಲ್ ಅಲ್ಲಿಗೆ ಬಿಟ್ಟೆ. ತುಂಬಾ ಬೇಜಾರಾಗಿತ್ತು.

4. ಮಾರ್ಚ್ 2021: ಕಾಕಾನ ಹೊಲದ ಬದು

ಅದೇ ತಿಂಗಳು ಕಲಘಟಗಿ ಹತ್ತಿರ ನಮ್ಮ ಕಾಕಾನ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ದೂರದಿಂದಲೇ ಒಂದು ಮರ ಕೆಂಪಗೆ ಕಂಡಿತು. ಹೂ ಬಿಟ್ಟ ಮುತ್ತುಗ ಅಂದುಕೊಂಡೆ. ಹತ್ತಿರ ಹೋದರೆ ಹೂವಿಲ್ಲ, ಅಷ್ಟೂ ಎಲೆ! ಎಳೇ ಎಲೆ, ಬಿಸಿಲು ಹಿಂದಿನಿಂದ ಬೀಳುತ್ತಿತ್ತು, ಗಾಜಿನ ಬಳೆಯ ಕೆಂಪು.

"ಕಾಕಾ, ಇದು ಯಾವ ಗಿಡ?"

"ಸಾಗಡಿ ಅಲ್ಲೇನವ್ವಾ. ಸಣ್ಣಾಕಿದ್ದಾಗ ಇದರ ಹುಳಿ ಹಣ್ಣ ತಿಂದು ಹಲ್ಲು ಜುಮ್ ಅಂತಾವು ಅಂತ ಅಳತಿದ್ದಿ. ಮರತಿಯೇನು?"

ಮರೆತೇ ಬಿಟ್ಟಿದ್ದೆ. ಹಣ್ಣು ನೆನಪಿತ್ತು, ಎಲೆ ನೆನಪಿರಲಿಲ್ಲ. ಬೇಸಿಗೆ ರಜೆಗೆ ನಾವು ಬರುವ ಹೊತ್ತಿಗೆ ಎಲೆ ಹಸಿರಾಗಿರುತ್ತಿತ್ತು.

ಮನೆಗೆ ಬಂದು ಸಸ್ಯಶಾಸ್ತ್ರ ಕಲಿಸುವ ಗೆಳತಿಗೆ ಫೋಟೋ ತೋರಿಸಿದೆ. ಅವಳು ಹೇಳಿದ ಮಾತು ಕೇಳಿ ನಾನು ಕೂತಲ್ಲೇ ಕೂತೆ. ಸಾಗಡೆ, ಅಂದರೆ ಶ್ಲೈಕೆರಾ ಓಲಿಯೋಸಾ, ಅಂಟುವಾಳದ ಕುಟುಂಬದ ಮರ. ಮೇಪಲ್‌ಗೆ ಹಿಂದೆ ಬೇರೆಯೇ ಕುಟುಂಬ ಇತ್ತು, ಈಗ ಅದನ್ನೂ ಅಂಟುವಾಳದ ಕುಟುಂಬಕ್ಕೇ ಸೇರಿಸಿದ್ದಾರೆ. ಲಿಚಿ ಹಣ್ಣಿನ ಮರವೂ ಅದರಲ್ಲೇ ಬರುತ್ತದೆ. ಹಾಗಾದರೆ ನಾನು ಫ್ರಿಜ್ಜಿನಲ್ಲಿಟ್ಟು ಸಾಕಿದ ಗಿಡದ ದಾಯಾದಿ ನಮ್ಮ ಕಾಕಾನ ಬದುವಿನ ಮೇಲೆ ಇತ್ತು.

ಬಣ್ಣವೂ ಒಂದೇ ಬಗೆಯದು. ಮೇಪಲ್ ಎಲೆ ಉದುರುವ ಮುಂಚೆ ಕೆಂಪಾಗುತ್ತದೆ, ಸಾಗಡೆ ಎಲೆ ಹುಟ್ಟುವಾಗಲೇ ಕೆಂಪು. ಎರಡರಲ್ಲೂ ಇರುವುದು ಆಂಥೋಸಯನಿನ್ ಅನ್ನೋ ಕೆಂಪು ಬಣ್ಣದ ಅಂಶ.

5. ಜುಲೈ 2021: ಕಾಕಾ ಕಳಿಸಿದ ಬೀಜ

ಹಣ್ಣು ಮಾಗುವುದು ಜೂನ್–ಜುಲೈನಲ್ಲಿ. ಕಾಕಾ ಒಂದು ಚೀಲ ಹಣ್ಣು ಬಸ್ಸಿನಲ್ಲಿ ಕಳಿಸಿದರು. ಸಿಪ್ಪೆ ಒಡೆದು, ಒಳಗಿನ ಹುಳಿ ತಿರುಳನ್ನ ಮರಳು ಹಾಕಿ ತಿಕ್ಕಿ ತೊಳೆದೆ. ತಿರುಳು ಉಳಿದರೆ ಇರುವೆ ಬರುತ್ತವೆ, ಬೂಸಲು ಹಿಡಿಯುತ್ತದೆ. ಒಂದು ದಿನ ನೀರಿನಲ್ಲಿ ನೆನೆಸಿದೆ, ತೇಲಿದ 9 ಬೀಜ ಬಿಸಾಡಿದೆ. ಮುಳುಗಿದ 40 ಬೀಜಗಳನ್ನ 5×8 ಇಂಚಿನ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿದೆ. ಮಣ್ಣು: ಮಸಾರಿ 2 ಪಾಲು, ಮರಳು 1, ತಿಪ್ಪೆಗೊಬ್ಬರ 1.

ಮೂರನೇ ವಾರ ಮೊಳಕೆ ಶುರುವಾಯಿತು. ಒಟ್ಟು 26. ಖರ್ಚು ಚೀಲಗಳಿಗೆ 60 ರೂಪಾಯಿ. ಫ್ರಿಜ್ ಬೇಕಾಗಲಿಲ್ಲ, ನೆಟ್ ಬೇಕಾಗಲಿಲ್ಲ. ಬೆಳವಣಿಗೆ ಮಾತ್ರ ನಿಧಾನ. ಒಂದು ವರ್ಷಕ್ಕೆ ಎತ್ತರದ್ದು 9 ಇಂಚು.

6. ಜುಲೈ–ಸೆಪ್ಟೆಂಬರ್ 2022: ಮೊದಲ ಗುಂಡಿ

ಇದು ನಾನು ಮಾಡಿದ ದೊಡ್ಡ ತಪ್ಪು, ಅದಕ್ಕೇ ಪೂರ್ತಿ ಬರೆಯುತ್ತೇನೆ.

ಜಾಗ ಸರಿಯಾಗಿ ಆರಿಸಿದ್ದೆ. ಸಾಗಡೆ ದೊಡ್ಡ ಮರ, 50–60 ಅಡಿ ಆರಾಮವಾಗಿ ಹೋಗುತ್ತದೆ. ಮನೆ ಗೋಡೆಯಿಂದ 26 ಅಡಿ, ಕಾಂಪೌಂಡಿನಿಂದ 14 ಅಡಿ ಬಿಟ್ಟೆ. ಮೇಲೆ ಕರೆಂಟ್ ತಂತಿ ಇಲ್ಲ, ಕೆಳಗೆ ಸಂಪ್ ಇಲ್ಲ. 30×40 ಪ್ಲಾಟಿನಲ್ಲಿ ಮನೆ ಇರುವವರು ಈ ಮರ ನೆಡಬೇಡಿ ಅಂತ ನಾನು ಕೈ ಮುಗಿದು ಹೇಳುತ್ತೇನೆ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ದೊಡ್ಡ ಮರ ಗೋಡೆ ಪಕ್ಕ ನಿಂತು ನೀರು ಹೀರಿದರೆ ಕುಗ್ಗುವುದು ಇನ್ನೂ ಜಾಸ್ತಿ, ಪಾಯಕ್ಕೆ ಒಳ್ಳೆಯದಲ್ಲ.

ಇಬ್ಬರು ಆಳು ಒಂದು ದಿನ ಗುದ್ದಲಿ, ಹಾರೆ ಹಿಡಿದು 3×3×3 ಅಡಿ ಗುಂಡಿ ತೋಡಿದರು. ಕೂಲಿ 1,200 ರೂಪಾಯಿ. ತೆಗೆದ ಎರಿ ಮಣ್ಣು ಪಕ್ಕಕ್ಕೆ ಹಾಕಿಸಿ, ಗುಂಡಿಗೆ ಮಸಾರಿ ಮಣ್ಣು, ತಿಪ್ಪೆಗೊಬ್ಬರ ತುಂಬಿಸಿದೆ. "ಒಳ್ಳೇ ಮಣ್ಣು" ಕೊಟ್ಟೆ ಅನ್ನೋ ಸಮಾಧಾನ ನನಗೆ. ಜುಲೈ 10ಕ್ಕೆ ಸಸಿ ನೆಟ್ಟೆ.

ಆಗಸ್ಟ್ ಮಳೆಗೆ ಎಲೆ ಜೋತು ಬಿದ್ದವು. ನೀರು ಸಾಲದೇನೋ ಅಂತ ಬೆರಳು ಹಾಕಿ ನೋಡಿದರೆ ಮಣ್ಣು ಗಂಜಿಯ ಹಾಗಿತ್ತು. ಸೆಪ್ಟೆಂಬರ್ ಮೊದಲ ವಾರ ಸಸಿ ಎಳೆದರೆ ಸುಮ್ನೆ ಕೈಗೆ ಬಂತು. ಬೇರು ಕಪ್ಪಾಗಿತ್ತು. ಎರಡು ಬೆರಳಿನಲ್ಲಿ ಹಿಡಿದು ಜಾರಿಸಿದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ನಾರು ಮಾತ್ರ ಉಳಿಯಿತು. ಚರಂಡಿ ವಾಸನೆ.

ಏನಾಗಿತ್ತು ಅಂದರೆ, ಸುತ್ತಲಿನ ಎರಿ ಮಣ್ಣು ನೀರು ಬಿಡುವುದಿಲ್ಲ, ನಡುವಿನ ಮಸಾರಿ ಬೇಗ ಕುಡಿಯುತ್ತದೆ. ಪ್ಲಾಟಿನ ನೀರೆಲ್ಲ ಬಂದು ಆ ಗುಂಡಿಯಲ್ಲಿ ನಿಂತಿತು. ನಾನು ಗಿಡವನ್ನ ನೀರಿನ ತೊಟ್ಟಿಯಲ್ಲಿ ನೆಟ್ಟ ಹಾಗಾಗಿತ್ತು. ಖಚಿತ ಮಾಡಿಕೊಳ್ಳಲು ಪಕ್ಕದಲ್ಲಿ ಒಂದು ಅಡಿ ಆಳದ ಸಣ್ಣ ಗುಂಡಿ ತೋಡಿ ಸಂಜೆ 7ಕ್ಕೆ ನೀರು ತುಂಬಿದೆ. ಮರುದಿನ ಸಂಜೆ 5ಕ್ಕೆ ಇಳಿದಿದ್ದು ಬರೀ 2 ಇಂಚು. ಎರಡು ಕೊಡ ನೀರಿನ ಈ ಪರೀಕ್ಷೆಯನ್ನ ಜುಲೈಯಲ್ಲೇ ಮಾಡಿದ್ದರೆ ಆ ಸಸಿ ಉಳಿಯುತ್ತಿತ್ತು.

7. ಸೆಪ್ಟೆಂಬರ್ 2022: ಚೀಲದಿಂದ ಪೈಪಿಗೆ

ಮಿಕ್ಕ ಸಸಿಗಳಲ್ಲಿ ಒಂದರ ಚೀಲ ಹರಿದು ನೋಡಿದೆ. ತಾಯಿಬೇರು ತಳ ಮುಟ್ಟಿ, ಅಡ್ಡ ತಿರುಗಿ, ಒಂದೂವರೆ ಸುತ್ತು ಸುತ್ತಿಕೊಂಡಿತ್ತು. ಇದನ್ನ ಹಾಗೇ ನೆಟ್ಟರೆ ಮರ ದೊಡ್ಡದಾದ ಮೇಲೆ ಬುಡ ಗಟ್ಟಿ ಇರುವುದಿಲ್ಲ.

10 ಅಡಿಯ 4 ಇಂಚಿನ ಪಿವಿಸಿ ಪೈಪ್ ತಂದೆ, 720 ರೂಪಾಯಿ. 18 ಇಂಚಿನ ಆರು ತುಂಡು ಮಾಡಿಸಿ, ಪ್ರತಿ ತುಂಡನ್ನ ಉದ್ದಕ್ಕೆ ಎರಡು ಹೋಳು ಸೀಳಿಸಿದೆ. ಹೋಳು ಜೋಡಿಸಿ ಮೂರು ಕಡೆ ಬೈಂಡಿಂಗ್ ತಂತಿ ಕಟ್ಟಿದೆ, ತಳಕ್ಕೆ ಸೊಳ್ಳೆ ಜಾಳಿಗೆ. ಸುತ್ತಿದ ಬೇರನ್ನ ಹೊಸ ಬ್ಲೇಡಿನಿಂದ ನೇರ ಇರುವಲ್ಲಿಗೆ ಕತ್ತರಿಸಿ ಆರು ಸಸಿ ನೆಟ್ಟೆ. ಎರಡು ಸತ್ತವು, ನಾಲ್ಕು ಬದುಕಿದವು. ಮೊದಲೇ ಬೀಜವನ್ನ ಪೈಪಿಗೇ ಹಾಕಿದ್ದರೆ ಬೇರು ಕತ್ತರಿಸುವ ಕೆಲಸವೇ ಇರುತ್ತಿರಲಿಲ್ಲ. ಮಿಕ್ಕ ಚೀಲದ ಸಸಿಗಳು ಕಾಕಾನ ಬದುವಿಗೆ ವಾಪಸ್ ಹೋದವು.

8. ಜೂನ್ 2023: ದಿಬ್ಬ

ಈ ಸಲ ಗುಂಡಿ ತೋಡಲಿಲ್ಲ. ಹಳೇ ಗುಂಡಿಯ ಮಸಾರಿ ತೆಗೆಸಿ, ಅದರದೇ ಎರಿ ಮಣ್ಣು ತುಂಬಿ ತುಳಿಸಿದೆ. ಅಲ್ಲಿಂದ 8 ಅಡಿ ಆಚೆ, ಕಾಂಪೌಂಡಿನ ಅಂತರ ಹಾಗೇ ಇಟ್ಟುಕೊಂಡು, ನೆಲವನ್ನ ಒಂದು ಅಡಿ ಆಳಕ್ಕೆ ಹಾರೆಯಿಂದ ಸಡಿಲ ಮಾಡಿಸಿದೆ. ಅದರ ಮೇಲೆ ಅಲ್ಲಿನದೇ ಎರಿ ಮಣ್ಣು ಅರ್ಧ, ಮಸಾರಿ ಕಾಲು, ಸಣ್ಣ ಗರಸು (ಕಲ್ಲು ಬೆರೆತ ಮಣ್ಣು) ಮತ್ತು ತಿಪ್ಪೆಗೊಬ್ಬರ ಸೇರಿ ಕಾಲು. ಅಡ್ಡಳತೆ 7 ಅಡಿ, ನಡುವೆ ಎತ್ತರ 20 ಇಂಚು. ದಿಬ್ಬದ ಸುತ್ತ 9 ಇಂಚು ಅಗಲದ ಕಾಲುವೆ, ಅಲ್ಲಿಂದ ಕಾಂಪೌಂಡಿನ ತೂತಿಗೆ ಇಳಿಜಾರು.

ಗರಸು ಟಂಟಂನಲ್ಲಿ ಬಂತು, 900 ರೂಪಾಯಿ. ಮಸಾರಿ ಹಳೆಯದೇ ಸಾಕಾಯಿತು. ಕೂಲಿ 1,300.

ಪೈಪಿನ ತಂತಿ ಬಿಚ್ಚಿ ಎರಡು ಹೋಳು ಅಗಲಿಸಿದರೆ 18 ಇಂಚಿನ ಮಣ್ಣಿನ ಕೋಲು, ನಡುವೆ ನೆಟ್ಟಗೆ ಬೇರು. ಒಂದು ಚೂರೂ ಉದುರಲಿಲ್ಲ. ಎತ್ತಿ ನೆಟ್ಟಾಗ ನನ್ನ ಕೈ ನಡುಗುತ್ತಿತ್ತು. ಸಸಿ ಎತ್ತರ 19 ಇಂಚು.

ಸುತ್ತ ವೆಲ್ಡ್ ಮೆಷ್, 850 ರೂಪಾಯಿ. ಪಕ್ಕದ ಓಣಿಯ ಆಡುಗಳಿಗೆ ಎಳೇ ಚಿಗುರು ಅಂದರೆ ಪ್ರಾಣ.

9. ಜನವರಿ–ಮೇ 2024: ಬಿರುಕು, ಗಡಿಗೆ, ಒರಲಿ

2023ರಲ್ಲಿ ಮಳೆ ಕೈ ಕೊಟ್ಟಿತು, ರಾಜ್ಯದ ಬಹಳಷ್ಟು ತಾಲೂಕುಗಳಲ್ಲಿ ಬರ. ಜನವರಿಗೇ ಪ್ಲಾಟಿನಲ್ಲಿ ಬಿರುಕು ಬಿಟ್ಟವು. ಒಂದು ಬಿರುಕಿನಲ್ಲಿ ನನ್ನ ಅಂಗೈ ಪೂರ್ತಿ ಇಳಿಯಿತು. ಬಿರುಕು ಬೇರಿನ ನಡುವೆ ಹಾದರೆ ಸಣ್ಣ ಬೇರು ಹರಿದು ಹೋಗುತ್ತವೆ. ದಿಬ್ಬದ ಅಂಚಿಗೆ ಬಂದ ಎರಡು ಬಿರುಕಿಗೆ ಒಣ ಮಣ್ಣು, ಗೊಬ್ಬರ ಪುಡಿ ತುಂಬಿದೆ.

ದಿಬ್ಬದ ತೊಂದರೆ ಈಗ ಗೊತ್ತಾಯಿತು. ಮಳೆಗಾಲಕ್ಕೆ ಅದು ಸರಿ, ಬೇಸಿಗೆಯಲ್ಲಿ ಹಾಕಿದ ನೀರು ಒಳಗಿಳಿಯದೆ ಕಾಲುವೆಗೆ ಜಾರುತ್ತಿತ್ತು. ಮೇಲೆ ಎರಡು ಅಡಿ ಅಗಲದ ಪಾತಿ ಕಟ್ಟಿದೆ. ಜೊತೆಗೆ ಬುಡದಿಂದ ಒಂದು ಅಡಿ ದೂರಕ್ಕೆ ಎರಡು ಮಣ್ಣಿನ ಗಡಿಗೆ ಕುತ್ತಿಗೆ ತನಕ ಹೂತೆ. ಒಂದಕ್ಕೆ 80 ರೂಪಾಯಿ, ತಲಾ 6 ಲೀಟರ್ ಹಿಡಿಯುತ್ತವೆ. ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕಾಗುತ್ತಿತ್ತು.

ಮೊದಲ ತಿಂಗಳು ಬೋರ್‌ವೆಲ್ ನೀರು ಹಾಕಿದ್ದು ತಪ್ಪಾಯಿತು. ಗಡಿಗೆಯ ಒಳಗೆ ಬಿಳೀ ಉಪ್ಪಿನ ಪದರ ಕಟ್ಟಿ ನೀರು ಒಸರುವುದು ನಿಂತಿತು. ತೆಗೆದು ತೆಂಗಿನ ನಾರಿನಿಂದ ಉಜ್ಜಿ ಮತ್ತೆ ಹೂತೆ. ಆಮೇಲೆ ನಳಕ್ಕೆ ಮಲಪ್ರಭಾ ನೀರು ಬಂದ ದಿನ ಎರಡು ಕೊಡ ತೆಗೆದಿಡುತ್ತಿದ್ದೆ, ಜೊತೆಗೆ ತರಕಾರಿ ತೊಳೆದ ನೀರು.

ಮುಚ್ಚಿಗೆಗೆ ಶೇಂಗಾ ಹೊಟ್ಟು ನಾಲ್ಕು ಇಂಚು ಹಾಸಿದ್ದೆ, ಬುಡಕ್ಕೆ ತಾಗುವ ಹಾಗೆ. ಫೆಬ್ರವರಿಯಲ್ಲಿ ಕಾಂಡದ ಮೇಲೆ ಮೂರು ಇಂಚು ಒರಲಿ (ಗೆದ್ದಲು) ಮಣ್ಣು ಏರಿತ್ತು. ಹಳೇ ಬ್ರಷ್‌ನಿಂದ ಕೆರೆದೆ. ಪುಣ್ಯಕ್ಕೆ ತೊಗಟೆ ಕೆಡಿಸಿರಲಿಲ್ಲ. ಹೊಟ್ಟನ್ನ ಬುಡದಿಂದ ಒಂದು ಗೇಣು ಹಿಂದಕ್ಕೆ ಸರಿಸಿ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿದೆ. ಮತ್ತೆ ಬರಲಿಲ್ಲ. ಮುಚ್ಚಿಗೆ ಯಾವುದಾದರೂ ಇರಲಿ, ಬುಡಕ್ಕೆ ತಾಗಿಸಬೇಡಿ.

10. ಆಗಸ್ಟ್ 2024: ಸುತಳಿಯ ಗಾಯ

ಗಾಳಿಗೆ ವಾಲದಿರಲಿ ಅಂತ ನೆಟ್ಟ ದಿನವೇ ಬಿದಿರು ಕೋಲಿಗೆ ಪ್ಲಾಸ್ಟಿಕ್ ಸುತಳಿಯಿಂದ ಬಿಗಿದು ಕಟ್ಟಿದ್ದೆ. ಮರೆತೆ. ಹದಿನಾಲ್ಕು ತಿಂಗಳಾದ ಮೇಲೆ ಎಲೆ ಸರಿಸಿ ನೋಡಿದರೆ ಸುತಳಿ ತೊಗಟೆಯೊಳಗೆ ಇಳಿದಿತ್ತು. ಅದರ ಮೇಲ್ಭಾಗ ಉಬ್ಬಿ, ಕೆಳಭಾಗ ಸಣ್ಣದಾಗಿ, ಬಿಗಿ ಉಂಗುರ ಸಿಕ್ಕಿಕೊಂಡ ಬೆರಳಿನ ಹಾಗೆ ಕಾಣುತ್ತಿತ್ತು. ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಗಾಯಕ್ಕೆ ಏನೂ ಬಳಿಯಲಿಲ್ಲ. ಈಗ ಹಳೇ ಕಾಟನ್ ಸೀರೆಯ ಪಟ್ಟಿಯನ್ನ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಖು ಬಿಚ್ಚಿ ನೋಡುತ್ತೇನೆ.

11. ಮಾರ್ಚ್ 2025

ಜನವರಿ ಕೊನೆಗೆ ಎಲೆ ಉದುರಿ ಕಡ್ಡಿ ಬರಿದಾಯಿತು. ಮೇಪಲ್ ನೆನಪಾಗಿ ಎದೆ ಧಸಕ್ ಅಂತು. ದಿನಾ ಉಗುರಿನಿಂದ ಕೆರೆಯಬೇಕು ಅನಿಸುತ್ತಿತ್ತು, ತಡೆದುಕೊಂಡೆ.

ಮಾರ್ಚ್ 4ರ ಬೆಳಗ್ಗೆ ತುದಿ ಮೊಗ್ಗು ಬಿಚ್ಚಿತ್ತು. ಮಾರ್ಚ್ 9ಕ್ಕೆ ಏಳು ಕಡ್ಡಿಯಲ್ಲೂ ಚಿಗುರು. ಒಂದು ತೊಟ್ಟಿಗೆ ಮೂರು ಜೋಡಿ ಎಲೆ, ಎಣ್ಣೆ ಸವರಿದ ಹೊಳಪು, ರೇಷ್ಮೆಯಷ್ಟು ಮೆದು, ಇನ್ನೂ ಕೆಳಕ್ಕೆ ಜೋತುಕೊಂಡೇ ಇದ್ದವು. ಕೆಂಪು ಅಂದರೆ ಹಣ್ಣು ಮೆಣಸಿನಕಾಯಿ ಕೆಂಪು. ಹಿಂದಿನ ಎರಡು ವರ್ಷದ ಚಿಗುರೂ ಕೆಂಪಗಿತ್ತು, ಆದರೆ ಅವು ಎರಡು ಮೂರು ಎಲೆ ಮಾತ್ರ. ಈ ಸಲ ರಸ್ತೆಯಿಂದ ಕಾಣುವಷ್ಟು.

ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಲ್ಲಿ ಅವರ ಮೇಪಲ್ ಇನ್ನೂ ಬೋಳು. "ಅವ್ವಾ, ಕ್ಯಾಮೆರಾ ಇನ್ನೂ ಹತ್ರ ಹಿಡಿ" ಅಂದಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

12 ದಿನ ಆ ಬಣ್ಣ ಉಳಿಯಿತು. ಆಮೇಲೆ ತಾಮ್ರ, ಆಮೇಲೆ ತಿಳಿ ಹಸಿರು. ಮಾರ್ಚ್ 31ಕ್ಕೆ ಎತ್ತರ 5 ಅಡಿ 2 ಇಂಚು, ಬುಡದ ಸುತ್ತಳತೆ ನಾಲ್ಕೂಕಾಲು ಇಂಚು.

ಖರ್ಚು: ಮೇಪಲ್‌ಗೆ ಬೀಜ, ಕುಂಡ, ಕೊಕೊಪೀಟ್, ನೆಟ್ ಸೇರಿ 1,640 ರೂಪಾಯಿ. ಮೊದಲ ಗುಂಡಿಗೆ ಕೂಲಿ 1,200, ಮಸಾರಿ 1,500. ಸಾಗಡೆಗೆ ಚೀಲ, ಪೈಪ್, ಗರಸು, ದಿಬ್ಬದ ಕೂಲಿ, ಮೆಷ್, ಗಡಿಗೆ, ಹಿಂಡಿ ಎಲ್ಲ ಸೇರಿ 4,020. ಬೀಜಕ್ಕೆ ಕಾಕಾ ದುಡ್ಡು ತಗೊಳ್ಳಲಿಲ್ಲ.

ಬಾಕಿ ಕೆಲಸ: ನೆಲದಿಂದ ಮೂರು ಅಡಿ ಎತ್ತರದಲ್ಲಿ ಕಾಂಡ ಎರಡು ಕವಲಾಗಿದೆ, ಎರಡೂ ಸಮ ದಪ್ಪ. ಹೀಗೇ ಬಿಟ್ಟರೆ ಮುಂದೆ ಗಾಳಿಗೆ ಸಂದಿಯಲ್ಲಿ ಸೀಳುತ್ತದೆ. ಒಂದನ್ನ ಅರ್ಧಕ್ಕೆ ಮೊಟಕು ಮಾಡಬೇಕು. ಕಾಕಾ ಮಳೆ ಹಿಡಿಯುವ ಮುಂಚೆ ಬಂದು ಯಾವುದು ಅಂತ ತೋರಿಸುತ್ತೇನೆ ಅಂದಿದ್ದಾರೆ. ದಿಬ್ಬ 20 ಇಂಚಿನಿಂದ 13ಕ್ಕೆ ಕುಸಿದಿದೆ, ಅಂಚಿಗೆ ನಾಲ್ಕು ಬುಟ್ಟಿ ಮಣ್ಣು ಏರಿಸಬೇಕು, ಬುಡ ಮುಚ್ಚದ ಹಾಗೆ. ಪೈಪಿನಲ್ಲಿ ಇನ್ನೂ ಮೂರು ಸಸಿ ಇವೆ, ಈ ಜೂನ್‌ನಲ್ಲಿ ಅವಕ್ಕೂ ಜಾಗ ನೋಡಬೇಕು.